ಹೂವು ಹಾವಾಗಲು ಒಂದಕ್ಷರ ಸಾಕು

ರಕ್ತಪರೀಕ್ಷೆಯ ವರದಿಯಲ್ಲಿ ಕೆಲವೊಮ್ಮೆ ‘ರೆಟಿಕ್ಯುಲೋಸೈಟ್ ಕೌಂಟ್’ ಎಂಬ ಸಾಲು ಇರುತ್ತದೆ. ಹಿಮೋಗ್ಲೋಬಿನ್ ಎಷ್ಟು, ಸಕ್ಕರೆ ಎಷ್ಟು ಎಂದು ನೋಡಿ ಕಾಗದ ಮಡಚಿಡುವ ನಮಗೆ ಅದರ ಗೊಡವೆ ಬೇಡ. ಆದರೆ ಆ ಅಂಕಿ ಸಿಗುವ ಬಗೆ ನೋಡುವಂಥದ್ದು. ಒಂದೆರಡು ಹನಿ ರಕ್ತಕ್ಕೆ ಅಷ್ಟೇ ಪ್ರಮಾಣದ ನ್ಯೂ ಮೆಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿ, ಮೈಬಿಸಿಯಷ್ಟೇ ಶಾಖದಲ್ಲಿ ಹತ್ತು ಹದಿನೈದು ನಿಮಿಷ ಇಡುತ್ತಾರೆ. ಆಮೇಲೆ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಮೇಲೊಂದು ತೊಟ್ಟು ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಂಪು ಕಣಗಳೆಲ್ಲ ಪೇಲವವಾಗಿ ಕಾಣುತ್ತವೆ. ನೂರರಲ್ಲಿ ಒಂದೋ ಎರಡೋ ಕಣಗಳ ಒಳಗೆ ಮಾತ್ರ ಕಡುನೀಲಿ ಎಳೆಗಳು, ಚುಕ್ಕೆಗಳು, ಹರಿದ ಬಲೆಯಂಥ ಗೆರೆಗಳು. ಅವೇ ರೆಟಿಕ್ಯುಲೋಸೈಟ್‌ಗಳು, ಎಂದರೆ ಮೂಳೆಯ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪು ಕಣಗಳು. ನೀಲಿ ಹಿಡಿದದ್ದು ರೈಬೋಸೋಮ್‌ಗಳ ಆರ್‌ಎನ್‌ಎ. ಜೀವಕೋಶ ಪ್ರೋಟೀನ್ ತಯಾರಿಸುವ ಸಲಕರಣೆಯನ್ನು ಸಾಧಾರಣ ಲ್ಯಾಬೊಂದರಲ್ಲಿ ಕಣ್ಣಾರೆ ಕಾಣುವ ಅಪರೂಪದ ಅವಕಾಶ ಇದು.

ಈ ಎಳೆಯ ಕಣದಲ್ಲಿ ಒಂದು ವಿಚಿತ್ರವಿದೆ. ಅದಕ್ಕೆ ಕೋಶಕೇಂದ್ರ ಇಲ್ಲ. ಮಜ್ಜೆಯಲ್ಲಿದ್ದಾಗಲೇ ಅದನ್ನು ಹೊರದಬ್ಬಿರುತ್ತದೆ. ಪಕ್ಕದಲ್ಲಿ ಕಾದು ಕುಳಿತ ದೊಡ್ಡ ಕಣವೊಂದು ಅದನ್ನು ನುಂಗಿ ಅರಗಿಸಿಕೊಂಡಿರುತ್ತದೆ. ಕೋಶಕೇಂದ್ರ ಹೋಯಿತೆಂದರೆ ಡಿಎನ್‌ಎ ಹೋಯಿತು, ಜೀನ್‌ಗಳೆಲ್ಲ ಹೋದವು. ಆದರೂ ಆ ಕಣ ಒಂದೆರಡು ದಿನ ಹಿಮೋಗ್ಲೋಬಿನ್ ತಯಾರಿಸುತ್ತಲೇ ಇರುತ್ತದೆ. ತನ್ನ ಒಟ್ಟು ಹಿಮೋಗ್ಲೋಬಿನ್‌ನ ಸುಮಾರು ಮೂರನೇ ಒಂದು ಪಾಲನ್ನು ಜೀನ್ ಇಲ್ಲದ ಈ ಅವಧಿಯಲ್ಲೇ ಮಾಡಿಕೊಳ್ಳುತ್ತದೆ.

ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ‘ಅದು ಅವರ ಡಿಎನ್‌ಎಯಲ್ಲೇ ಇದೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಕಣ ನೆನಪಾಗುತ್ತದೆ. ಡಿಎನ್‌ಎ ಎಂಬುದು ಎಲ್ಲವನ್ನೂ ನಡೆಸುವ ಯಜಮಾನ ಎಂದು ನಾವು ನಂಬಿಬಿಟ್ಟಿದ್ದೇವೆ. ಅಸಲಿಗೆ ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಅದರಲ್ಲಿ ಬರೆದಿರುವುದನ್ನು ನಕಲಿಸಬೇಕು, ತಿದ್ದಬೇಕು, ಹೊರಗೆ ಸಾಗಿಸಬೇಕು, ಓದಬೇಕು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಬೇಕು. ಇದರಲ್ಲಿ ಒಂದು ಕೆಲಸ ಕೆಟ್ಟರೂ ಜೀನ್ ಇದ್ದೂ ಇಲ್ಲದಂತೆ. ಇದಕ್ಕೆ ಹಿಮೋಗ್ಲೋಬಿನ್‌ನಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ಜೀವಕೋಶ ಎಲ್ಲೆಲ್ಲಿ ಎಡವಬಹುದೋ ಅಲ್ಲೆಲ್ಲ ಹಿಮೋಗ್ಲೋಬಿನ್ ವಿಷಯದಲ್ಲಿ ಎಡವಿದೆ. ಹಾಗೆ ಎಡವಿದ ಒಂದೊಂದು ಕಡೆಯೂ ಒಂದೊಂದು ರಕ್ತರೋಗವಾಗಿ ನಮ್ಮ ಆಸ್ಪತ್ರೆಗಳಿಗೆ ಬಂದು ನಿಂತಿದೆ.

ಲೆಕ್ಕ ಒಂದಿಷ್ಟು ಗೊತ್ತಿರಲಿ. ಒಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಕಣದ ಆಯಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ತಯಾರಿಸಬೇಕು. ದೊಡ್ಡವರ ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳು: ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದಲ್ಲಿ 141 ಅಮೈನೊ ಆಮ್ಲಗಳು, ಬೀಟಾದಲ್ಲಿ 146. ಪ್ರತಿ ಸರಪಳಿಯ ಮಡಿಲಲ್ಲಿ ಕಬ್ಬಿಣ ಹೊತ್ತ ಹೀಮ್ ಎಂಬ ಚಿಕ್ಕ ಬಿಲ್ಲೆ; ಆಮ್ಲಜನಕ ಕೂರುವುದು ಅದರ ಮೇಲೆ. ಬೀಟಾ ಸರಪಳಿಯ ಜೀನ್ ಇರುವುದು ಹನ್ನೊಂದನೆಯ ವರ್ಣತಂತುವಿನಲ್ಲಿ, ಆಲ್ಫಾದ್ದು ಹದಿನಾರನೆಯದರಲ್ಲಿ. ಎರಡು ಬೇರೆ ಬೇರೆ ಕಡೆ ಬರೆದಿಟ್ಟ ಸರಪಳಿಗಳು ಸಮಸಮನಾಗಿ ತಯಾರಾಗಿ ಜೋಡಿ ಸೇರಬೇಕು. ಒಂದು ಕಡಿಮೆಯಾದರೆ ಇನ್ನೊಂದು ಒಂಟಿಯಾಗಿ ಉಳಿದು, ಮುದ್ದೆಗಟ್ಟಿ ಕಣವನ್ನೇ ಕೊಲ್ಲುತ್ತದೆ. ತಲಸ್ಸೇಮಿಯಾ ಎಂದರೆ ಇದೇ.

ಬೀಟಾ ಜೀನ್ ಬಹಳ ಚಿಕ್ಕದು. ಮುನ್ನೂರು ಕೋಟಿ ಅಕ್ಷರಗಳ ನಮ್ಮ ಆನುವಂಶಿಕ ಬರಹದಲ್ಲಿ ಅದು ಸುಮಾರು 1,600 ಅಕ್ಷರ. ಲಿಪಿಯಲ್ಲಿರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಈ ಜೀನ್ ನಮ್ಮ ಚರ್ಮದ ಕೋಶದಲ್ಲೂ ಇದೆ, ಮಿದುಳಿನ ಕೋಶದಲ್ಲೂ ಇದೆ, ಅಕ್ಷರ ತಪ್ಪದೆ ಇದೆ. ಆದರೆ ಅಲ್ಲಿ ಯಾರೂ ಅದನ್ನು ಓದುವುದಿಲ್ಲ. ಮಜ್ಜೆಯಲ್ಲಿ ಕೆಂಪು ಕಣವಾಗಲು ಹೊರಟ ಕೋಶದಲ್ಲಿ ಮಾತ್ರ ಜೀನ್‌ನ ಆಸುಪಾಸಿನ ಡಿಎನ್‌ಎ ಬಿಗಿ ಸಡಿಲಿಸಿಕೊಳ್ಳುತ್ತದೆ, ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಬಂದು ಕೂರುತ್ತದೆ. ಅದು ಡಿಎನ್‌ಎಯ ಎರಡು ಎಳೆ ಬಿಡಿಸಿ, ಒಂದನ್ನು ನೋಡಿಕೊಂಡು ಅಕ್ಷರಕ್ಕಕ್ಷರ ಆರ್‌ಎನ್‌ಎ ಪ್ರತಿ ತೆಗೆಯುತ್ತದೆ. ಪ್ರತಿಯಲ್ಲಿ ‘ಟಿ’ ಬದಲು ‘ಯು’ ಬರುತ್ತದೆ ಎಂಬುದು ಬಿಟ್ಟರೆ ಲಿಪಿ ಅದೇ. ಮೂಲ ಬರಹ ಕೋಶಕೇಂದ್ರ ದಾಟುವುದಿಲ್ಲ. ಹೊರಗೆ ಹೋಗುವುದು ಪ್ರತಿ ಮಾತ್ರ. ಕೋಶಕೇಂದ್ರ ಕಳೆದುಕೊಂಡ ರೆಟಿಕ್ಯುಲೋಸೈಟ್ ಮುಂದೆಯೂ ಕೆಲಸ ಮಾಡುವುದು ಇಂಥ ಉಳಿದ ಪ್ರತಿಗಳನ್ನು ಇಟ್ಟುಕೊಂಡೇ.

ಆದರೆ ಆ ಪ್ರತಿ ಹಾಗೇ ಹೊರಗೆ ಹೋಗುವುದೂ ಇಲ್ಲ. 1977ರವರೆಗೆ ಜೀನ್ ಎಂದರೆ ಮೊದಲಿಂದ ಕೊನೆಯವರೆಗೆ ಎಡೆಬಿಡದ ಬರಹ ಎಂದೇ ಎಲ್ಲರೂ ತಿಳಿದಿದ್ದರು. ಆ ವರ್ಷ ಮೊದಲು ಒಂದು ವೈರಸ್‌ನಲ್ಲಿ, ಬೆನ್ನಲ್ಲೇ ಮೊಲ ಮತ್ತು ಇಲಿಯ ಹಿಮೋಗ್ಲೋಬಿನ್ ಜೀನ್‌ಗಳಲ್ಲಿ ನಡುನಡುವೆ ಸಂಬಂಧವಿಲ್ಲದ ಉದ್ದುದ್ದ ತುಣುಕುಗಳು ಸಿಕ್ಕವು. ಮೊಲದ ಜೀನ್‌ನಲ್ಲಿ ಅದನ್ನು ಕಂಡವರಲ್ಲಿ ಒಬ್ಬರು ಅಲೆಕ್ ಜೆಫ್ರೀಸ್. ಮುಂದೆ ಡಿಎನ್‌ಎ ಬೆರಳಚ್ಚು ಕಂಡುಹಿಡಿದು ಪೊಲೀಸ್ ಠಾಣೆಗಳವರೆಗೂ ಹೆಸರಾದವರು. ನಮ್ಮ ಬೀಟಾ ಜೀನ್‌ನಲ್ಲಿ ಇಂಥ ನಡುತುಣುಕುಗಳು ಎರಡು: ಒಂದು 130 ಅಕ್ಷರದ್ದು, ಇನ್ನೊಂದು 850 ಅಕ್ಷರದ್ದು. ಎಂದರೆ ಜೀನ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಪ್ರೋಟೀನ್‌ಗೆ ಬೇಡದ್ದು. ಇವನ್ನು ಇಂಟ್ರಾನ್ ಎನ್ನುತ್ತಾರೆ. ಆರ್‌ಎನ್‌ಎ ಪ್ರತಿಯಿಂದ ಇವನ್ನು ಕತ್ತರಿಸಿ ತೆಗೆದು, ಉಳಿದ ಮೂರು ತುಂಡುಗಳನ್ನು ಅಂಟಿಸಿದ ಮೇಲೇ ಅದು ಹೊರಡುವುದು. ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಇಂಟ್ರಾನ್‌ನ ಅಂಚಿನಲ್ಲಿ ಗುರುತಿನ ಅಕ್ಷರಗಳಿರುತ್ತವೆ.

ಭಾರತದಲ್ಲಿ ಬೀಟಾ ತಲಸ್ಸೇಮಿಯಾಕ್ಕೆ ಅತಿ ಸಾಮಾನ್ಯ ಕಾರಣ ಇರುವುದು ಸರಿಯಾಗಿ ಇಲ್ಲೇ. ಮೊದಲ ಇಂಟ್ರಾನ್‌ನ ಐದನೆಯ ಅಕ್ಷರ ‘ಜಿ’ ಇರಬೇಕಾದಲ್ಲಿ ‘ಸಿ’ ಆಗಿರುತ್ತದೆ. ಆ ಅಕ್ಷರ ಪ್ರೋಟೀನ್‌ಗೆ ಹೋಗುವುದೇ ಇಲ್ಲ, ಕತ್ತರಿಸಿ ಎಸೆಯುವ ತುಣುಕಿನದು. ಆದರೆ ಕತ್ತರಿ ಹಾಕುವ ಯಂತ್ರಕ್ಕೆ ಗುರುತು ಮಸುಕಾಗುತ್ತದೆ. ಅದು ಪಕ್ಕದಲ್ಲೆಲ್ಲೋ ಗುರುತಿನಂತೆ ಕಂಡ ಜಾಗದಲ್ಲಿ ಕತ್ತರಿಸಿಬಿಡುತ್ತದೆ. ಅಪರೂಪಕ್ಕೆ ಸರಿಯಾದ ಜಾಗದಲ್ಲಿ ಕತ್ತರಿಸುವುದೂ ಉಂಟು. ಹಾಗಾಗಿ ಅಲ್ಪಸ್ವಲ್ಪ ಬೀಟಾ ತಯಾರಾಗುತ್ತದೆ, ಸಾಲುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಈ ಅಕ್ಷರ ಪಡೆದ ಮಗು ಸಾಮಾನ್ಯವಾಗಿ ಜೀವಮಾನವಿಡೀ ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಬಿಸಾಡುವ ಕಾಗದದ ಮೇಲಿನ ಒಂದು ಅಕ್ಷರಕ್ಕೆ ಇಷ್ಟು ಬೆಲೆ.

ಕತ್ತರಿಸಿ ಅಂಟಿಸಿದ ಪ್ರತಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಕೊರೊನಾ ಲಸಿಕೆಯ ದೆಸೆಯಿಂದ ‘ಎಂಆರ್‌ಎನ್‌ಎ’ ಈಗ ಮನೆಮಾತು. ಬೀಟಾದ ಎಂಆರ್‌ಎನ್‌ಎಯಲ್ಲಿ ಪ್ರೋಟೀನ್‌ಗೆ ಸಂಬಂಧಿಸಿದ ಭಾಗ 444 ಅಕ್ಷರ. ಅದನ್ನು ಮೂರು ಮೂರಾಗಿ ಓದಬೇಕು. ಮೂರಕ್ಷರದ ಒಂದೊಂದು ಗುಂಪೂ ಒಂದು ಕೋಡಾನ್. ನಾಲ್ಕು ಅಕ್ಷರಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಕೋಡಾನ್‌ಗಳಾಗುತ್ತವೆ. ಅವುಗಳಲ್ಲಿ 61 ಕೋಡಾನ್‌ಗಳು ಇಪ್ಪತ್ತು ಅಮೈನೊ ಆಮ್ಲಗಳಿಗೆ ಹಂಚಿಹೋಗಿವೆ, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಹಂಚಿಕೆಯೇನೂ ಸಮಾನವಲ್ಲ. ಲ್ಯೂಸಿನ್‌ಗೆ ಆರು ಕೋಡಾನ್‌ಗಳಿದ್ದರೆ ಮೆಥಿಯೊನಿನ್‌ಗೆ ಒಂದೇ ಒಂದು.

ಈ ಕೋಶದೊಳಗಿನ ನಿಘಂಟು ಬಿಡಿಸಿಕೊಂಡ ಕಥೆ ರೋಚಕವಾದದ್ದು. ಅಮೆರಿಕದ ಬೆಥೆಸ್ಡಾದಲ್ಲಿ 1961ರ ಮೇ ತಿಂಗಳಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಬ್ಯಾಕ್ಟೀರಿಯಾವನ್ನು ಅರೆದು ತೆಗೆದ ರಸಕ್ಕೆ ಬರೀ ‘ಯು’ ಅಕ್ಷರಗಳ ಕೃತಕ ಆರ್‌ಎನ್‌ಎ ಹಾಕಿದರು. ಬಂದದ್ದು ಫಿನೈಲ್‌ಅಲನೈನ್ ಎಂಬ ಒಂದೇ ಅಮೈನೊ ಆಮ್ಲದ ಉದ್ದ ಸರಪಳಿ. ಆ ಆಗಸ್ಟಿನಲ್ಲಿ ಮಾಸ್ಕೋ ಸಮ್ಮೇಳನದಲ್ಲಿ ನಿರೆನ್‌ಬರ್ಗ್ ಇದನ್ನು ಹೇಳಿದಾಗ ಕೇಳಲು ಹೆಚ್ಚು ಜನರಿರಲಿಲ್ಲ. ಸುದ್ದಿ ತಿಳಿದ ಫ್ರಾನ್ಸಿಸ್ ಕ್ರಿಕ್ ದೊಡ್ಡ ಸಭೆಯಲ್ಲಿ ಮತ್ತೊಮ್ಮೆ ಹೇಳಿಸಿದರು. ಮುಂದಿನ ಐದು ವರ್ಷಗಳಲ್ಲಿ 64 ಕೋಡಾನ್‌ಗಳ ಅರ್ಥವೂ ಸಿಕ್ಕಿತು. ಅದರಲ್ಲಿ ದೊಡ್ಡ ಪಾಲು ಹರಗೋವಿಂದ ಖುರಾನಾ ಅವರದು. ಅವಿಭಜಿತ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಹುಟ್ಟಿ, ವಿಸ್ಕಾನ್ಸಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು ಯಾವ ಅಕ್ಷರದ ನಂತರ ಯಾವುದು ಎಂದು ತಾವೇ ನಿರ್ಧರಿಸಿದ ಆರ್‌ಎನ್‌ಎ ಎಳೆಗಳನ್ನು ತಯಾರಿಸಿದರು. ‘ಯುಸಿಯುಸಿಯುಸಿ’ ಎಂದು ಹೋಗುವ ಎಳೆ ಹಾಕಿದರೆ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್ ಎಂದು ಒಂದಾದ ಮೇಲೊಂದು ಬಂತು. ಓದು ಮೂರಕ್ಷರದ್ದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ಬೇಕಿಲ್ಲ. 1968ರ ನೊಬೆಲ್ ನಿರೆನ್‌ಬರ್ಗ್, ಖುರಾನಾ ಮತ್ತು ರಾಬರ್ಟ್ ಹಾಲಿ ಅವರಿಗೆ ಹಂಚಿಹೋಯಿತು.

ಮೂರು ಮೂರಾಗಿ ಓದುವುದರ ಕಷ್ಟಸುಖ ತಿಳಿಯಲು ಮೂರಕ್ಷರದ ಪದಗಳೇ ಇರುವ ಒಂದು ಕನ್ನಡ ವಾಕ್ಯ ಹೊಸೆಯೋಣ: ‘ಕಮಲ ಹೂವನು ಮುಡಿದು ನಗುತ ಬಂದಳು.’ ಇದರಲ್ಲಿ ಒಂದೇ ಅಕ್ಷರ ಬದಲಿಸಿ ನೋಡಿ: ‘ಕಮಲ ಹಾವನು ಮುಡಿದು ನಗುತ ಬಂದಳು.’ ಉಳಿದೆಲ್ಲ ಪದಗಳೂ ನೆಟ್ಟಗಿವೆ, ವ್ಯಾಕರಣವೂ ಸರಿಯಿದೆ. ಆದರೆ ಹೂವು ಹಾವಾಗಿದೆ.

ಕುಡುಗೋಲು ಕಣ ರೋಗದಲ್ಲಿ ಆಗಿರುವುದು ಇಷ್ಟೇ. ಬೀಟಾ ಸರಪಳಿಯ ಆರನೆಯ ಅಮೈನೊ ಆಮ್ಲಕ್ಕೆ ‘ಜಿಎಜಿ’ ಎಂಬ ಕೋಡಾನ್ ಇರಬೇಕು. ಅದು ‘ಜಿಯುಜಿ’ ಆಗಿದೆ. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಬಂದು ಕೂರುತ್ತದೆ. ಮೊದಲನೆಯದು ನೀರಿನೊಂದಿಗೆ ಬೆರೆಯುವ ಸ್ವಭಾವದ್ದು, ಎರಡನೆಯದು ನೀರು ಕಂಡರೆ ಸರಿದು ನಿಲ್ಲುವಂಥದ್ದು. ಆಮ್ಲಜನಕ ಬಿಟ್ಟುಕೊಟ್ಟೊಡನೆ ಇಂಥ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ನಾರುಗಳಾಗುತ್ತವೆ. ದುಂಡಗಿನ ಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೂಳೆ ಮುರಿದಂಥ ನೋವು, ಮತ್ತೆ ಮತ್ತೆ.

ದೋಷ ಹಿಮೋಗ್ಲೋಬಿನ್‌ನಲ್ಲೇ ಇದೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತ್ತು. ಎಲ್ಲಿ ಎಂಬುದನ್ನು ಹುಡುಕಿದವರು ಕೇಂಬ್ರಿಜ್‌ನ ವರ್ನನ್ ಇಂಗ್ರಮ್. ಅವರು ಆರೋಗ್ಯವಂತರ ಹಿಮೋಗ್ಲೋಬಿನ್ ಮತ್ತು ರೋಗಿಗಳ ಹಿಮೋಗ್ಲೋಬಿನ್ ಎರಡನ್ನೂ ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ಕಾಗದದ ಮೇಲೆ ಒಂದು ದಿಕ್ಕಿಗೆ ವಿದ್ಯುತ್ತಿನಿಂದ, ಅಡ್ಡ ದಿಕ್ಕಿಗೆ ದ್ರಾವಕದಿಂದ ಹರಡಿಸಿದರು. ಕಾಗದದ ಮೇಲೆ ಸುಮಾರು ಮೂವತ್ತು ಕಲೆಗಳು ಮೂಡಿದವು. ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಎಲ್ಲ ಕಲೆಗಳೂ ಒಂದೇ ಕಡೆ, ಒಂದರ ಹೊರತು. ಆ ಒಂದು ಕಲೆಯನ್ನು ಬಿಡಿಸಿ ನೋಡಿದಾಗ ಸಿಕ್ಕದ್ದು ಒಂದೇ ಅಮೈನೊ ಆಮ್ಲದ ವ್ಯತ್ಯಾಸ. ಅದು 1957. ಜೀನ್‌ನಲ್ಲಿ ಆದ ಬದಲಾವಣೆ ಪ್ರೋಟೀನ್‌ನ ಒಂದು ನಿರ್ದಿಷ್ಟ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಮೊದಲ ಬಾರಿಗೆ ಕಾಗದದ ಮೇಲೆ ಕಲೆಯಾಗಿ ಕಂಡದ್ದು ಹೀಗೆ. ಆಗಿನ್ನೂ ಒಂದು ಕೋಡಾನ್‌ನ ಅರ್ಥವೂ ಯಾರಿಗೂ ಗೊತ್ತಿರಲಿಲ್ಲ.

ಭಾರತದಲ್ಲಿ ಈ ರೋಗದ ಜೀನ್ 1952ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ಬೆಟ್ಟದ ಜನರಲ್ಲಿ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟುಗಳಲ್ಲೂ ಅದು ಇದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಲೇರಿಯಾ ಕಾಡುತ್ತಿದ್ದ ಸೀಮೆಗಳಲ್ಲೇ ಈ ಜೀನ್ ಹೆಚ್ಚು ಎಂಬುದು ಕಾಕತಾಳೀಯವಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದನ್ನು ಪಡೆದವರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಹಾವಿಗೂ ಒಂದು ಉಪಯೋಗವಿತ್ತು ಎನ್ನೋಣ.

ಈಗ ಅದೇ ವಾಕ್ಯಕ್ಕೆ ಒಂದು ಅಕ್ಷರ ಬದಲಿಸುವ ಬದಲು ಸೇರಿಸೋಣ. ‘ಹೂ’ ಆದ ಮೇಲೆ ಒಂದು ‘ಗ’ ತುರುಕಿ, ಹಿಂದಿನಂತೆಯೇ ಮೂರು ಮೂರಾಗಿ ಓದಿ: ‘ಕಮಲ ಹೂಗವ ನುಮುಡಿ ದುನಗು ತಬಂದ ಳು.’ ಒಂದು ಪದ ಕೆಟ್ಟದ್ದಲ್ಲ, ಅಲ್ಲಿಂದ ಮುಂದೆ ಎಲ್ಲವೂ ಕೆಟ್ಟಿತು. ಭಾರತದ ತಲಸ್ಸೇಮಿಯಾ ರೋಗಿಗಳಲ್ಲಿ ಆಗಾಗ ಸಿಗುವ ಇನ್ನೊಂದು ದೋಷ ಇಂಥದ್ದು: ಬೀಟಾ ಜೀನ್‌ನ ಎಂಟನೆಯ ಮತ್ತು ಒಂಬತ್ತನೆಯ ಕೋಡಾನ್‌ಗಳ ನಡುವೆ ಒಂದು ‘ಜಿ’ ಹೆಚ್ಚಾಗಿ ಸೇರಿಕೊಂಡಿರುತ್ತದೆ. ಅಲ್ಲಿಂದಾಚೆಗಿನ ಓದೆಲ್ಲ ಅಸಂಬದ್ಧ. ಸ್ವಲ್ಪ ದೂರದಲ್ಲೇ ಅಕಾಲಿಕವಾಗಿ ‘ನಿಲ್ಲಿಸು’ ಕೋಡಾನ್ ಎದುರಾಗುತ್ತದೆ. ಇಂಥ ಪ್ರತಿಗಳನ್ನು ಗುರುತು ಹಿಡಿದು ನಾಶಮಾಡುವ ವ್ಯವಸ್ಥೆಯೂ ಕೋಶದಲ್ಲಿದೆ. ಹಾಗಾಗಿ ಈ ಜೀನ್‌ನಿಂದ ಬೀಟಾ ಒಂದಿಷ್ಟೂ ಹುಟ್ಟುವುದಿಲ್ಲ. ಕ್ರಿಕ್ ಮತ್ತು ಸಿಡ್ನಿ ಬ್ರೆನ್ನರ್ 1961ರಲ್ಲಿ ವೈರಸ್ ಒಂದರ ಜೀನ್‌ಗೆ ಇದೇ ಆಟ ಹೂಡಿದ್ದರು. ಒಂದಕ್ಷರ ಸೇರಿಸಿದರೆ ಜೀನ್ ಕೆಟ್ಟಿತು, ಎರಡು ಸೇರಿಸಿದರೂ ಕೆಟ್ಟಿತು. ಮೂರು ಸೇರಿಸಿದಾಗ ಮತ್ತೆ ಕೆಲಸ ಮಾಡಿತು.

ಇಲ್ಲಿಗೆ ಒಂದು ಪ್ರಶ್ನೆ ಏಳಬೇಕು, ಬಹಳಷ್ಟು ಪಠ್ಯಪುಸ್ತಕಗಳು ಅದನ್ನು ಏಳಲು ಬಿಡುವುದಿಲ್ಲ. ‘ಜಿಎಜಿ’ ಎಂದರೆ ಗ್ಲುಟಾಮಿಕ್ ಆಮ್ಲ ಎಂದು ಹೇಳಿದವರು ಯಾರು? ಆ ಮೂರು ಅಕ್ಷರಗಳ ಆಕಾರಕ್ಕೂ ಆ ಅಮೈನೊ ಆಮ್ಲದ ಆಕಾರಕ್ಕೂ ಹೊಂದಿಕೆಯಾಗುವಂಥದ್ದೇನೂ ಕಾಣುವುದಿಲ್ಲ. ನಡುವೆ ಎರಡೂ ಕಡೆ ಬಲ್ಲ ಅಣುವೊಂದು ಇರಲೇಬೇಕು ಎಂದು ಕ್ರಿಕ್ 1955ರಲ್ಲೇ ಊಹಿಸಿದ್ದರು. ಎರಡು ಮೂರು ವರ್ಷಗಳಲ್ಲಿ ಬಾಸ್ಟನ್‌ನಲ್ಲಿ ಪಾಲ್ ಝಮೆಕ್ನಿಕ್ ಮತ್ತು ಮಹ್ಲನ್ ಹೋಗ್ಲಂಡ್ ಅಂಥದ್ದನ್ನು ಕಂಡರು: ಎಪ್ಪತ್ತು ಎಂಬತ್ತು ಅಕ್ಷರಗಳಷ್ಟೇ ಇರುವ ಪುಟ್ಟ ಆರ್‌ಎನ್‌ಎ. ಅದರ ಒಂದು ತುದಿಯಲ್ಲಿ ಕೋಡಾನ್‌ಗೆ ಜೋಡಿಯಾಗುವ ಮೂರಕ್ಷರ, ಇನ್ನೊಂದು ತುದಿಯಲ್ಲಿ ಅಮೈನೊ ಆಮ್ಲ ಹೊತ್ತಿರುತ್ತದೆ. ಸಾಗಣೆ ಆರ್‌ಎನ್‌ಎ, ಟಿಆರ್‌ಎನ್‌ಎ. ಇಂಥ ಒಂದರ ಪೂರ್ತಿ ಅಕ್ಷರಸಾಲನ್ನು 1965ರಲ್ಲಿ ಬಿಡಿಸಿದ ರಾಬರ್ಟ್ ಹಾಲಿ ಅವರ ತಂಡ 140 ಕಿಲೋ ಯೀಸ್ಟಿನಿಂದ ಒಂದೇ ಒಂದು ಗ್ರಾಂ ಶುದ್ಧ ಟಿಆರ್‌ಎನ್‌ಎ ತೆಗೆದಿತ್ತು.

ಹಾಗಾದರೆ ರೈಬೋಸೋಮ್ ಪರಿಶೀಲಿಸುವುದು ಯಾವುದನ್ನು? ಟಿಆರ್‌ಎನ್‌ಎಯ ಮೂರಕ್ಷರವನ್ನೋ, ಅದು ಹೊತ್ತು ತಂದ ಸರಕನ್ನೋ? 1962ರಲ್ಲಿ ಫ್ರಾಂಸ್ವಾ ಶಾಪ್‌ವಿಲ್, ಫ್ರಿಟ್ಜ್ ಲಿಪ್‌ಮನ್, ಸೀಮೋರ್ ಬೆಂಜರ್ ಮುಂತಾದವರು ಮಾಡಿದ ಪ್ರಯೋಗ ನನಗೆ ಇಡೀ ಜೀವವಿಜ್ಞಾನದಲ್ಲೇ ಅಚ್ಚುಮೆಚ್ಚಿನದು. ಸಿಸ್ಟೀನ್ ಎಂಬ ಅಮೈನೊ ಆಮ್ಲದಿಂದ ಗಂಧಕ ತೆಗೆದರೆ ಉಳಿಯುವುದು ಅಲನೈನ್ ಎಂಬ ಇನ್ನೊಂದು ಅಮೈನೊ ಆಮ್ಲ. ಸಿಸ್ಟೀನ್ ಹೊತ್ತ ಟಿಆರ್‌ಎನ್‌ಎಯನ್ನು ಅವರು ರೇನಿ ನಿಕ್ಕಲ್ ಎಂಬ ಲೋಹದ ಪುಡಿಯ ಜೊತೆ ಬೆರೆಸಿದರು. ಗಂಧಕವನ್ನು ನಿಕ್ಕಲ್ ಕಿತ್ತುಕೊಂಡಿತು. ಈಗ ಸಿಸ್ಟೀನ್‌ನ ಟಿಆರ್‌ಎನ್‌ಎ ಬೆನ್ನ ಮೇಲೆ ಅಲನೈನ್! ರೈಬೋಸೋಮ್‌ಗೆ ಕೊಟ್ಟಾಗ ಅದು ಒಂದಿಷ್ಟೂ ಅನುಮಾನಿಸದೆ ಸಿಸ್ಟೀನ್ ಇರಬೇಕಾದಲ್ಲೆಲ್ಲ ಅಲನೈನ್ ಸೇರಿಸಿತು. ಮರುವರ್ಷ ಮೊಲದ ರೆಟಿಕ್ಯುಲೋಸೈಟ್‌ಗಳ ರಸದಲ್ಲಿ ಇದನ್ನೇ ಮಾಡಿದರು. ಹಿಮೋಗ್ಲೋಬಿನ್‌ನಲ್ಲಿ ಸಿಸ್ಟೀನ್ ಇರುವ ತುಣುಕಿನಲ್ಲಿ ಅಲನೈನ್ ಬಂದು ಕೂತಿತ್ತು. ರೈಬೋಸೋಮ್ ಸರಕು ನೋಡುವುದಿಲ್ಲ, ಮೂರಕ್ಷರ ಹೊಂದಿದರೆ ಆಯಿತು.

ಅಂದಮೇಲೆ ಇಡೀ ಸಂಕೇತದ ಅರ್ಥ ನಿಂತಿರುವುದು ಟಿಆರ್‌ಎನ್‌ಎ ಬೆನ್ನಿಗೆ ಸರಿಯಾದ ಅಮೈನೊ ಆಮ್ಲ ಕಟ್ಟುವ ಕಿಣ್ವಗಳ ಮೇಲೆ. ನಮ್ಮ ಕೋಶದಲ್ಲಿ ಸಾಮಾನ್ಯವಾಗಿ ಒಂದೊಂದು ಅಮೈನೊ ಆಮ್ಲಕ್ಕೂ ಅಂಥ ಒಂದು ಕಿಣ್ವವಿದೆ. ನೊಬೆಲ್, ಹೆಸರು, ಚಿತ್ರ ಎಲ್ಲವೂ ಡಿಎನ್‌ಎಗೆ, ರೈಬೋಸೋಮ್‌ಗೆ ಹೋದವು. ನಿಜವಾಗಿ ಎರಡೂ ಭಾಷೆ ಬಲ್ಲ ಈ ಕಿಣ್ವಗಳ ಹೆಸರು ಕಾಲೇಜು ದಾಟಿ ಹೊರಗೆ ಬಂದಿಲ್ಲ. ಇವುಗಳ ಕಷ್ಟ ಸಣ್ಣದಲ್ಲ. ಐಸೊಲ್ಯೂಸಿನ್ ಮತ್ತು ವ್ಯಾಲಿನ್ ನಡುವೆ ಇರುವುದು ಒಂದು ಇಂಗಾಲ, ಎರಡು ಜಲಜನಕ ಪರಮಾಣುಗಳ ವ್ಯತ್ಯಾಸ. ದೊಡ್ಡದಕ್ಕೆ ಮಾಡಿದ ಗೂಡಿನಲ್ಲಿ ಚಿಕ್ಕದು ಸಲೀಸಾಗಿ ಕೂರುತ್ತದೆ. ಲೆಕ್ಕ ಹಾಕಿದ ಪೌಲಿಂಗ್ ಇಪ್ಪತ್ತಕ್ಕೆ ಒಂದು ತಪ್ಪಾದರೂ ಆಗಬೇಕು ಎಂದರು. ಆದರೆ ಮೊಲದ ಹಿಮೋಗ್ಲೋಬಿನ್‌ನಲ್ಲಿ ಅಳೆದಾಗ ಸಿಕ್ಕ ತಪ್ಪು ಕೆಲವು ಸಾವಿರಕ್ಕೆ ಒಂದು ಮಾತ್ರ. ಕಾರಣ, ಐಸೊಲ್ಯೂಸಿನ್ ಕಟ್ಟುವ ಕಿಣ್ವಕ್ಕೆ ಎರಡು ಗೂಡುಗಳಿವೆ. ಐಸೊಲ್ಯೂಸಿನ್‌ಗಿಂತ ದೊಡ್ಡವನ್ನು ಮೊದಲ ಗೂಡು ಹೊರಗಿಡುತ್ತದೆ. ಎರಡನೆಯದು ವ್ಯಾಲಿನ್‌ನಂಥ ಚಿಕ್ಕವಷ್ಟೇ ತೂರಬಲ್ಲ ಕಿರುಗೂಡು. ತಪ್ಪಾಗಿ ಕಟ್ಟಿದ ವ್ಯಾಲಿನ್ ಅಲ್ಲಿಗೆ ಹೋದೊಡನೆ ಕತ್ತರಿಸಿಹೋಗುತ್ತದೆ. ಸರಿಯಾದದ್ದು ದಪ್ಪಗಿರುವುದರಿಂದ ಅಲ್ಲಿ ತೂರಲಾರದೆ ಬಚಾವಾಗುತ್ತದೆ.

ಇನ್ನು ರೈಬೋಸೋಮ್. ಮನುಷ್ಯನದರಲ್ಲಿ ನಾಲ್ಕು ಆರ್‌ಎನ್‌ಎ ಎಳೆಗಳು, ಸುಮಾರು ಎಂಬತ್ತು ಪ್ರೋಟೀನ್‌ಗಳು, ಒಂದು ಚಿಕ್ಕ ತುಂಡು, ಒಂದು ದೊಡ್ಡ ತುಂಡು. ಎಂಆರ್‌ಎನ್‌ಎಯನ್ನು ನಡುವೆ ಹಿಡಿದು ಕೋಡಾನ್‌ನಿಂದ ಕೋಡಾನ್‌ಗೆ ಸರಿಯುತ್ತ, ಟಿಆರ್‌ಎನ್‌ಎಗಳು ತಂದ ಅಮೈನೊ ಆಮ್ಲಗಳನ್ನು ಬೆಸೆಯುತ್ತ ಹೋಗುತ್ತದೆ. ಒಂದು ಬೀಟಾ ಸರಪಳಿ ಮುಗಿಯಲು ಒಂದೆರಡು ನಿಮಿಷ ಸಾಕು. ಒಂದು ರೈಬೋಸೋಮ್ ಮುಗಿಸುವವರೆಗೂ ಇನ್ನೊಂದು ಕಾಯುವುದಿಲ್ಲ. ಮೊಲದ ರೆಟಿಕ್ಯುಲೋಸೈಟ್‌ಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಅಲೆಕ್ಸಾಂಡರ್ ರಿಚ್ ತಂಡಕ್ಕೆ ಒಂದೇ ಎಳೆಯ ಮೇಲೆ ಹೆಚ್ಚಾಗಿ ಐದೈದು ರೈಬೋಸೋಮ್‌ಗಳು ಸಾಲಾಗಿ ಕಂಡಿದ್ದವು. ಚಿದಂಬರಂನಲ್ಲಿ ಹುಟ್ಟಿ ಬರೋಡಾದಲ್ಲಿ ಓದಿದ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನಾಥ್ ಜೊತೆ 2009ರಲ್ಲಿ ನೊಬೆಲ್ ಪಡೆದದ್ದು ಈ ಯಂತ್ರದ ಪರಮಾಣು ಮಟ್ಟದ ರಚನೆಗಾಗಿ. ಅದರಿಂದ ಖಚಿತವಾದ ಒಂದು ಸಂಗತಿ: ಅಮೈನೊ ಆಮ್ಲಗಳನ್ನು ಬೆಸೆಯುವ ಕೇಂದ್ರಸ್ಥಾನದಲ್ಲಿರುವುದು ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಪ್ರೋಟೀನ್‌ಗಳು ಹುಟ್ಟುವ ಮೊದಲೇ ಆರ್‌ಎನ್‌ಎ ಇತ್ತು ಎನ್ನುವವರ ವಾದಕ್ಕೆ ಇದು ಬಲವಾದ ಆಧಾರ.

ಪ್ರತಿ ಇದೆ, ರೈಬೋಸೋಮ್ ಇದೆ, ಸರಕೂ ಇದೆ ಎಂದಮಾತ್ರಕ್ಕೆ ಓದು ನಡೆದೇ ತೀರುತ್ತದೆ ಎಂದೇನಿಲ್ಲ. ಎಳೆಯ ಕೆಂಪು ಕಣದಲ್ಲಿ ಹೀಮ್ ಕಡಿಮೆಯಾದರೆ ಒಂದು ಕಿಣ್ವ ಎಚ್ಚೆತ್ತು ಓದನ್ನೇ ತಡೆಯುತ್ತದೆ. ಹೀಮ್ ಇಲ್ಲದ ಸರಪಳಿಗಳು ಗುಡ್ಡೆಬಿದ್ದರೆ ಕಣಕ್ಕೇ ಅಪಾಯ ತಾನೆ. ಹೀಮ್‌ಗೆ ಬೇಕಾದದ್ದು ಕಬ್ಬಿಣ. ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದರಲ್ಲಿ ದೊಡ್ಡ ಪಾಲು ಕಬ್ಬಿಣದ ಕೊರತೆಯದು. ಹೀಗೆ ಕಬ್ಬಿಣ ಸಾಲದವರ ಜೀನ್‌ಗಳಲ್ಲಿ ದೋಷವಿರಬೇಕೆಂದಿಲ್ಲ. ತಟ್ಟೆಯಲ್ಲಿ ಸಾಕಷ್ಟು ಇಲ್ಲದ್ದಕ್ಕೆ ಒಳಗೆ ಓದು ನಿಧಾನವಾಗಿದೆ.

ಕೊನೆಗೆ ನಿಲ್ಲಿಸುವ ಕೆಲಸ. ಅದೂ ತಪ್ಪಿದ ಉದಾಹರಣೆ ಇದೆ. ಜಮೈಕಾದ ಕಾನ್‌ಸ್ಟಂಟ್ ಸ್ಪ್ರಿಂಗ್ ಎಂಬಲ್ಲಿನ ಒಂದು ಚೀನೀ ಮೂಲದ ಕುಟುಂಬದಲ್ಲಿ ಆಲ್ಫಾ ಸರಪಳಿ 141ರ ಬದಲು 172 ಅಮೈನೊ ಆಮ್ಲಗಳಷ್ಟು ಉದ್ದವಿರುವುದು 1971ರಲ್ಲಿ ವರದಿಯಾಯಿತು. ‘ಯುಎಎ’ ಎಂಬ ನಿಲ್ಲಿಸು ಕೋಡಾನ್ ‘ಸಿಎಎ’ ಆಗಿತ್ತು. ರೈಬೋಸೋಮ್ ನಿಲ್ಲದೆ ಮುಂದೆ ಹೋಗಿ, ಓದಬಾರದ ಭಾಗವನ್ನೂ ಓದಿ, ಇನ್ನೊಂದು ನಿಲ್ಲಿಸು ಸಿಗುವವರೆಗೆ 31 ಅಮೈನೊ ಆಮ್ಲ ಹೆಚ್ಚು ಸೇರಿಸಿತ್ತು. ಆಗ್ನೇಯ ಏಷ್ಯಾದಲ್ಲಿ ಇದು ಆಲ್ಫಾ ತಲಸ್ಸೇಮಿಯಾದ ಗೊತ್ತಿರುವ ಕಾರಣಗಳಲ್ಲೊಂದು.

ಇಷ್ಟೆಲ್ಲ ತಪ್ಪುಗಳ ನಡುವೆ ಒಂದು ಸಮಾಧಾನದ ಸಂಗತಿ ಬಾಕಿಯಿದೆ. ಬೀಟಾ ಜೀನ್ ಕೆಟ್ಟ ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ತೊಂದರೆ ಕಾಣುವುದು ಐದಾರು ತಿಂಗಳು ಕಳೆದ ಮೇಲೆ. ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಇದರ ಕಾರಣ ಊಹಿಸಿದ್ದರು. ಗರ್ಭದಲ್ಲಿರುವ ಶಿಶು ಬೀಟಾ ಬದಲು ಗಾಮಾ ಎಂಬ ಬೇರೆ ಸರಪಳಿ ಬಳಸುತ್ತದೆ. ಅದರ ಜೀನ್ ಬೀಟಾದ ಪಕ್ಕದಲ್ಲೇ ಇದೆ. ಹುಟ್ಟಿದ ಕೆಲವು ತಿಂಗಳಲ್ಲಿ ಗಾಮಾ ಓದು ನಿಂತು ಬೀಟಾ ಓದು ಶುರುವಾಗುತ್ತದೆ. ಗಾಮಾ ಜೀನ್ ಎಲ್ಲಿಗೂ ಹೋಗಿರುವುದಿಲ್ಲ, ಜೀವಮಾನವಿಡೀ ಇದ್ದಲ್ಲೇ ಇರುತ್ತದೆ, ಓದುವವರಿರುವುದಿಲ್ಲ ಅಷ್ಟೆ. ಅದರ ಬಾಯಿ ಮುಚ್ಚಿಸುವುದರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನ್‌ನ ಕೈ ದೊಡ್ಡದು ಎಂದು 2008ರಲ್ಲಿ ಹಾರ್ವರ್ಡ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ತಂಡ ತೋರಿಸಿತು. ಮುಂದಿನ ಹೆಜ್ಜೆ ಸಹಜವಾಗಿತ್ತು. ರೋಗಿಯ ಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಕೆಂಪು ಕಣದಲ್ಲಿ ಬಿಸಿಎಲ್11ಎ ತಯಾರಾಗಲು ಬೇಕಾದ ಡಿಎನ್‌ಎ ತುಣುಕನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕೆಡಿಸಿ, ಮರಳಿ ದೇಹಕ್ಕೆ ಸೇರಿಸುವುದು. ಬೀಟಾ ಜೀನ್‌ನ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಗಾಮಾ ಓದು ಮತ್ತೆ ಶುರುವಾಗುತ್ತದೆ. ಕ್ಯಾಸ್ಗೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು.

ಅಮೆರಿಕದಲ್ಲಿ ಆಗ ಅದರ ಬೆಲೆ 22 ಲಕ್ಷ ಡಾಲರ್ ಇತ್ತು, ಆಗಿನ ವಿನಿಮಯ ದರದಲ್ಲಿ 18 ಕೋಟಿ ರೂಪಾಯಿಗೂ ಮಿಗಿಲು. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಎಂದರೆ ಬುಡಕಟ್ಟಿನ ಹಾಡಿಯಲ್ಲಿ, ಇರುವವರಿಗೆ ಈ ಅಂಕಿ ಹೇಳಿ ಪ್ರಯೋಜನವಿಲ್ಲ. ಹೇಳಬೇಕಾದದ್ದು ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಕ್ಯಾಪ್ಸೂಲ್ ಬಗ್ಗೆ. ಮೊದಲು ಕ್ಯಾನ್ಸರಿಗೆ ಕೊಡುತ್ತಿದ್ದ ಈ ಅಗ್ಗದ ಔಷಧ ಎಷ್ಟೋ ಕುಡುಗೋಲು ರೋಗಿಗಳಲ್ಲಿ ಗಾಮಾ ಓದನ್ನು ಸ್ವಲ್ಪಮಟ್ಟಿಗೆ ಮತ್ತೆ ನಡೆಸುತ್ತದೆ, ನೋವಿನ ಹೊಡೆತಗಳನ್ನು ಕಡಿಮೆ ಮಾಡುತ್ತದೆ. ಗುಣವೇನೂ ಆಗುವುದಿಲ್ಲ. ದಿನಾ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಿ ಬಿಳಿ ಕಣಗಳು ಇಳಿದಿವೆಯೇ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಕ್ರಿಸ್ಪರ್ ಅಲ್ಲ. ತಪ್ಪದೆ ದಾಸ್ತಾನಿರುವ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ರಕ್ತ ನೋಡಬಲ್ಲ ಒಬ್ಬ ಲ್ಯಾಬ್ ಟೆಕ್ನಿಷಿಯನ್, ಮತ್ತು ಬೆಟ್ಟದಿಂದ ಅಲ್ಲಿಗೆ ಬರಲು ಒಂದು ಬಸ್ಸು.